ಎಲೆಕ್ಷನ್ ಮುಗಿದರೂ ಮುಗಿಯದ ಸಂಕಟಕ್ಕೆ ಊರಲ್ಲೇ ಒಂದು ಬೆಂಬಲ ಗುಂಪು

ಗ್ರಾಮ ಪಂಚಾಯಿತಿ ಎಲೆಕ್ಷನ್‌ನಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ. ಆದರೂ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಯಾವ ಹಳ್ಳಿಯವರನ್ನು ಕೇಳಿದರೂ ಒಂದು ಮಾತು ಹೇಳುತ್ತಾರೆ. ವಿಧಾನಸಭೆ ಎಲೆಕ್ಷನ್‌ಗಿಂತ ಜಾಸ್ತಿ ಮನಸ್ಸು ಮುರಿಯುವುದು ಇದರಲ್ಲೇ. ಎದುರಿಗೆ ನಿಂತವರು ಪಕ್ಕದ ಮನೆಯವರು, ದಾಯಾದಿಗಳು, ಒಂದೇ ಕಾಲುವೆಯ ನೀರು ಹಂಚಿಕೊಳ್ಳುವವರು. ಫಲಿತಾಂಶ ಬಂದ ಮೇಲೆ ಮದುವೆಗೆ ಕರೆ ಬರುವುದಿಲ್ಲ. ಬಾಡಿಗೆ ಟ್ರ್ಯಾಕ್ಟರ್ ಕೇಳಿದರೆ ಖಾಲಿ ಇಲ್ಲ ಎನ್ನುತ್ತಾರೆ. ಉದ್ಯೋಗ ಖಾತ್ರಿ ಪಟ್ಟಿಯಲ್ಲಿ ನಮ್ಮ ಹೆಸರು ಯಾಕೆ ಬಿಟ್ಟುಹೋಯಿತು ಎಂಬ ಅನುಮಾನ ರಾತ್ರಿಯಿಡೀ ಕೊರೆಯುತ್ತದೆ.

ಇದಕ್ಕೆ ಯಾರೂ ಕಾಯಿಲೆ ಅಂತ ಹೆಸರಿಡುವುದಿಲ್ಲ. "ಎಲೆಕ್ಷನ್ ಆದಾಗಿಂದ ಹಿಂಗ ಅದಾನ" ಎಂದು ಮನೆಯವರು ಸುಮ್ಮನಾಗುತ್ತಾರೆ. ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಸಣ್ಣ ಮಾತಿಗೂ ಸಿಟ್ಟು, ಫೋನ್ ಕೆಳಗಿಡಲಾಗದ ಚಡಪಡಿಕೆ, ಕೆಲವರಿಗೆ ಕುಡಿತವೂ ಹೆಚ್ಚಾಗುತ್ತದೆ. ಇಂಥ ಆರೇಳು ಮಂದಿ ವಾರಕ್ಕೊಮ್ಮೆ ಕೂತು ಮಾತಾಡಿದರೆ ಹೊರೆ ಇಳಿಯುತ್ತದೆ. ಅಂಥ ಗುಂಪನ್ನು ಹೇಗೆ ಶುರು ಮಾಡಬೇಕು, ಹೇಗೆ ನಡೆಸಬೇಕು, ಎಲ್ಲಿ ಎಚ್ಚರ ಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ನಡೆಸಲು ಡಾಕ್ಟರೇ ಬೇಕೆಂದಿಲ್ಲ. ತಾಳ್ಮೆಯಿಂದ ಕೇಳಬಲ್ಲ ಇಬ್ಬರಿದ್ದರೆ ಸಾಕು.

ಗುಂಪಿನಿಂದ ಏನಾಗುತ್ತದೆ

ರಾಜಕೀಯದಿಂದ ಬರುವ ಒತ್ತಡವನ್ನು ಬೇರೆ ದೇಶಗಳಲ್ಲಿ ಅಳೆದು ನೋಡಿದ್ದಾರೆ. ಅಮೆರಿಕದ ಮನೋವಿಜ್ಞಾನಿಗಳ ಸಂಘ 2016ರಲ್ಲಿ ಸಮೀಕ್ಷೆ ಮಾಡಿದಾಗ ಶೇ 52ರಷ್ಟು ವಯಸ್ಕರು ಅಧ್ಯಕ್ಷೀಯ ಚುನಾವಣೆಯಿಂದ ತಮಗೆ ಗಣನೀಯ ಒತ್ತಡವಾಗಿದೆ ಎಂದಿದ್ದರು. 2020ರಲ್ಲಿ ಹಾಗೆ ಹೇಳಿದವರು ಶೇ 68. ಆದರೆ ಅಲ್ಲಿ ಒತ್ತಡ ಹೆಚ್ಚಾಗಿ ಟಿವಿ, ಫೋನ್ ಮೂಲಕ ಮನೆಯೊಳಗೆ ಬರುತ್ತದೆ. ನಮ್ಮದು ಬಾಗಿಲು ತೆಗೆದರೆ ಎದುರಿಗೇ ನಿಂತಿರುತ್ತದೆ. ಅಲ್ಲಿ ಅಪರಿಚಿತರು ಸೇರಿ ಗುಂಪು ಕಟ್ಟುತ್ತಾರೆ. ಸಿರವಾರದಲ್ಲೋ ಯಲಬುರ್ಗಾದಲ್ಲೋ ಅಪರಿಚಿತರು ಎಲ್ಲಿ ಸಿಗುತ್ತಾರೆ? ಅದಕ್ಕೇ ಅಲ್ಲಿನ ಪದ್ಧತಿಯನ್ನು ಇದ್ದ ಹಾಗೇ ತಂದರೆ ಇಲ್ಲಿ ನಡೆಯುವುದಿಲ್ಲ.

ಡಾಕ್ಟರಲ್ಲದವರಿಂದ ಇದೆಲ್ಲ ಆಗುತ್ತದೆಯೇ ಎಂದು ಕೇಳುವವರು ಬಳ್ಳಾರಿಯ ಕಥೆ ನೆನಪಿಸಿಕೊಳ್ಳಬೇಕು. 1985ರಿಂದ 1990ರವರೆಗೆ ನಿಮ್ಹಾನ್ಸ್ ಇದೇ ಜಿಲ್ಲೆಯಲ್ಲಿ ಒಂದು ದೊಡ್ಡ ಪ್ರಯೋಗ ಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೂ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೂ ಮನಸ್ಸಿನ ಕಾಯಿಲೆ ಗುರುತಿಸಿ ನೋಡಿಕೊಳ್ಳುವ ತರಬೇತಿ ಕೊಟ್ಟಿತು. ಅದಕ್ಕೆ ಬಳ್ಳಾರಿ ಮಾದರಿ ಎಂದೇ ಹೆಸರಾಯಿತು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಬುನಾದಿ. ನಮ್ಮ ನೆಲದಲ್ಲಿ ನಡೆದದ್ದನ್ನು ನಾವೇ ಮರೆತಿದ್ದೇವೆ ಎಂಬುದು ನನಗೆ ಬೇಸರದ ವಿಷಯ.

ಗುಂಪು ಔಷಧಿ ಕೊಡುವುದಿಲ್ಲ, ನ್ಯಾಯ ಪಂಚಾಯಿತಿ ಮಾಡುವುದಿಲ್ಲ, ರಾಜಿ ಮಾಡಿಸುವುದೂ ಅದರ ಕೆಲಸವಲ್ಲ. ನನ್ನೊಬ್ಬನಿಗೇ ಹೀಗಾಗಿದೆ ಎಂಬ ಭಾವನೆಯನ್ನು ಅದು ಕರಗಿಸುತ್ತದೆ. ಅಷ್ಟಾದರೆ ಅರ್ಧ ರಾತ್ರಿಯ ನಿದ್ದೆ ವಾಪಸ್ ಬರುತ್ತದೆ.

ಮೊದಲು ಇಬ್ಬರಾಗಿ

ಒಬ್ಬರೇ ಶುರು ಮಾಡಬೇಡಿ. ಒಬ್ಬರೇ ಕರೆದರೆ ಊರು ಮೊದಲು ಕೇಳುವುದು "ಇವ ಯಾರ ಕಡೀ?" ಎಂದು. ಬೇರೆ ಬೇರೆ ಕಡೆ ಓಟು ಹಾಕಿದವರು ಎಂದು ಊರಿಗೇ ಗೊತ್ತಿರುವ ಇಬ್ಬರು ಜೊತೆಯಾಗಿ ಕರೆದರೆ ಆ ಪ್ರಶ್ನೆ ಅಲ್ಲೇ ನಿಲ್ಲುತ್ತದೆ. ನಿವೃತ್ತ ಮೇಷ್ಟ್ರು, ಆಶಾ ಕಾರ್ಯಕರ್ತೆ, ಕಿರಾಣಿ ಅಂಗಡಿಯವರು, ಭಜನೆ ನಡೆಸುವವರು, ಹೀಗೆ ಎಲ್ಲ ಓಣಿಯವರೂ ಮಾತಾಡಿಸುವ ಜನ ಇದಕ್ಕೆ ಸರಿ. ಹಾಲಿ ಸದಸ್ಯರು, ಗುತ್ತಿಗೆದಾರರು, ಮುಂದಿನ ಸಲ ನಿಲ್ಲುವ ಆಸೆ ಇರುವವರು ಕರೆಯುವವರಾಗಬಾರದು. ಅವರಿಗೂ ಸಂಕಟ ಇದ್ದರೆ ಬಂದು ಕೂರಲಿ, ಮುಂದಾಳಾಗುವುದು ಬೇಡ.

ಆರರಿಂದ ಹತ್ತು ಮಂದಿ ಸಾಕು. ಅದಕ್ಕಿಂತ ಜಾಸ್ತಿಯಾದರೆ ಅದು ಸಭೆಯಾಗುತ್ತದೆ, ಸಭೆಯಲ್ಲಿ ಭಾಷಣ ಶುರುವಾಗುತ್ತದೆ.

ಕರೆಯುವಾಗ ಸರಳವಾಗಿ ಕರೆಯಿರಿ. "ಯಕ್ಕಾ, ಎಲೆಕ್ಷನ್ ಗದ್ದಲದಾಗ ನಮಗೆಲ್ಲ ಮನಸು ಕೆಟ್ಟೈತಿ. ಗುರುವಾರ ಸಂಜಿಗೆ ನಾಕ್ ಮಂದಿ ಕುಂತು ಮಾತಾಡೂಣಂತ ಮಾಡೀವಿ. ನೀ ಬಂದ್ರ ಚಲೋ." ಇಷ್ಟೇ. "ನಿನಗೆ ಸಮಸ್ಯೆ ಇದೆ, ಬಾ" ಎಂದರೆ ಯಾರೂ ಬರುವುದಿಲ್ಲ.

ಎರಡೂ ಕಡೆಯವರನ್ನು ಒಟ್ಟಿಗೆ ಕೂರಿಸಬೇಕೇ? ಮಾತು ಬಿಟ್ಟಿರುವುದಷ್ಟೇ ಆಗಿದ್ದರೆ ಒಟ್ಟಿಗೆ ಕೂರಿಸಿ, ಅದರಿಂದ ಒಳ್ಳೆಯದಾಗುತ್ತದೆ. ಆದರೆ ಹೊಡೆದಾಟ ಆಗಿದ್ದರೆ, ಕೇಸ್ ನಡೆಯುತ್ತಿದ್ದರೆ, ಒಂದು ಕೇರಿಗೆ ಅಂಗಡಿ, ನೀರು, ಕೆಲಸ ಬಂದ್ ಮಾಡಿದ್ದರೆ ಒಟ್ಟಿಗೆ ಕೂರಿಸಬೇಡಿ. ಪೆಟ್ಟು ತಿಂದವರನ್ನು ಪೆಟ್ಟು ಕೊಟ್ಟವರ ಎದುರು ಕೂರಿಸಿ "ಮನಸ್ಸು ಬಿಚ್ಚಿ ಮಾತಾಡು" ಎನ್ನುವುದು ಇನ್ನೊಂದು ಪೆಟ್ಟು. ಅಲ್ಲಿ ಮೊದಲು ಬೇಕಾದದ್ದು ಕಾನೂನು. ಉಚಿತ ಕಾನೂನು ನೆರವಿಗೆ 15100ಕ್ಕೆ ಫೋನ್ ಮಾಡಬಹುದು, ಇಲ್ಲವೇ ತಾಲೂಕು ಕೋರ್ಟ್ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಬಹುದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಬಹಿಷ್ಕಾರ ಹಾಕುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಆ ಕೇರಿಯವರಿಗೆ ಅವರದೇ ಗುಂಪು ಇರಲಿ.

ಹೆಣ್ಣುಮಕ್ಕಳಿಗೆ ಬೇರೆ ಗುಂಪು ಮಾಡುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಪಂಚಾಯಿತಿಗಳಲ್ಲಿ ಅರ್ಧ ಸೀಟು ಮಹಿಳೆಯರದ್ದು. ಗೆದ್ದಾಕೆಯ ಹೆಸರಲ್ಲಿ ಗಂಡನೋ ಮೈದುನನೋ ಕೆಲಸ ಮಾಡಿ, ಬೈಗುಳ ಮಾತ್ರ ಆಕೆಯ ಪಾಲಿಗೆ ಬರುವುದು ಎಷ್ಟು ಊರಲ್ಲಿಲ್ಲ? ಗಂಡ ಒಂದು ಕಡೆ, ತವರಿನವರು ಇನ್ನೊಂದು ಕಡೆ ಆದಾಗ ನಡುವೆ ನುಜ್ಜಾಗುವವಳೂ ಅವಳೇ. ಇದನ್ನು ಗಂಡಸರ ಎದುರು ಹೇಳಲು ಆಗುವುದಿಲ್ಲ. ಸ್ತ್ರೀಶಕ್ತಿ, ಸ್ವಸಹಾಯ ಸಂಘಗಳು ಹೇಗೂ ಇವೆ, ಅಲ್ಲಿಂದಲೇ ಶುರು ಮಾಡಬಹುದು. ಆದರೆ ಸಾಲದ ಕಂತು ಕಟ್ಟುವ ದಿನ ಬೇಡ. ದುಡ್ಡಿನ ಲೆಕ್ಕ ನಡೆಯುವ ಹೊತ್ತಲ್ಲಿ ಯಾರ ಮನಸ್ಸೂ ಬಿಚ್ಚಿಕೊಳ್ಳುವುದಿಲ್ಲ.

ಎಲ್ಲಿ, ಯಾವಾಗ

ಎಲ್ಲರೂ ತಲೆ ಎತ್ತಿ ಒಳಗೆ ಬರಬಹುದಾದ ಜಾಗ ಆರಿಸಿ. ಯಾರಿಗಾದರೂ ಪ್ರವೇಶ ಕಷ್ಟವಾಗುವ ಗುಡಿ ಬೇಡ, ಯಾರದೋ ಪಡಸಾಲೆ ಬೇಡ. ಅಗಸಿ ಕಟ್ಟೆ ಅಂತೂ ಬೇಡವೇ ಬೇಡ, ಅಲ್ಲಿ ಆಡಿದ ಮಾತು ಊರೆಲ್ಲ ಕೇಳುತ್ತದೆ. ಪಂಚಾಯಿತಿಯ ಗ್ರಂಥಾಲಯ, ಅಂದರೆ ಈಗಿನ ಅರಿವು ಕೇಂದ್ರ, ಸಂಜೆ ಖಾಲಿ ಇದ್ದರೆ ಕೇಳಿ ನೋಡಿ. ಶಾಲೆಯ ಕೋಣೆಗೆ ಮುಖ್ಯ ಶಿಕ್ಷಕರ ಒಪ್ಪಿಗೆ ಬೇಕು. ಏನು ನಡೆಸುತ್ತೀರಿ ಎಂದು ಅವರಿಗೆ ಸ್ಪಷ್ಟವಾಗಿ ಹೇಳಿ, ಮುಂದೆ ಅವರಿಗೆ ತೊಂದರೆ ಆಗಬಾರದು.

ಬೇಸಿಗೆಯಲ್ಲಿ ಸಂಜೆ ಆರಕ್ಕೆ ಮೊದಲು ಕರೆಯಬೇಡಿ. ರಾಯಚೂರಿನ ಬಿಸಿಲು ಗೊತ್ತಿರುವವರಿಗೆ ಕಾರಣ ಹೇಳಬೇಕಿಲ್ಲ. ಭತ್ತದ ನಾಟಿ, ಹತ್ತಿ ಬಿಡಿಸುವ ಹೊತ್ತಲ್ಲಿ ಹದಿನೈದು ದಿನಕ್ಕೊಮ್ಮೆ ಸೇರಿದರೂ ಸಾಕು. ಚಹಾ ಇರಲಿ, ಆದರೆ ಅದರ ಖರ್ಚನ್ನು ಒಬ್ಬರೇ ಹೊರಬಾರದು.

ಮೊದಲ ದಿನವೇ ಹೇಳುವ ಮಾತುಗಳು

ನಿಯಮ ನಾಲ್ಕೈದೇ ಇರಲಿ. ಪ್ರತಿ ಸಲ ಶುರುವಿಗೆ ಒಬ್ಬರು ಅವನ್ನು ಜೋರಾಗಿ ಹೇಳಲಿ.

ಪಕ್ಷದ ಹೆಸರು, ನಾಯಕರ ಹೆಸರು ಇಲ್ಲಿ ತರುವುದಿಲ್ಲ. ನನಗೆ ಏನಾಯಿತು, ನನಗೆ ಹೇಗನಿಸುತ್ತಿದೆ, ಅಷ್ಟನ್ನೇ ಹೇಳುತ್ತೇನೆ. "ಆ ಪಾರ್ಟಿಯವರೆಲ್ಲ ಕಳ್ಳರು" ಎಂದರೆ ಎದುರಿನವರು ಉತ್ತರ ಕೊಡಲೇಬೇಕಾಗುತ್ತದೆ, ವಾದ ಶುರುವಾಗುತ್ತದೆ. "ಮೂವತ್ತು ವರ್ಷದ ಗೆಳೆಯ ಎದುರಿಗೆ ಬಂದರೂ ಮುಖ ತಿರುಗಿಸಿದ, ನನಗೆ ಅಳು ಬಂತು" ಎಂದರೆ ಯಾರಿಗೂ ಉತ್ತರ ಕೊಡುವ ಅಗತ್ಯ ಬೀಳುವುದಿಲ್ಲ. ಕೇಳಿದರೆ ಸಾಕು.

ಒಬ್ಬರು ಮಾತಾಡುವಾಗ ನಡುವೆ ಬಾಯಿ ಹಾಕುವುದಿಲ್ಲ. ಅವರೇ ಕೇಳದೆ ಬುದ್ಧಿ ಹೇಳುವುದಿಲ್ಲ. ನಮ್ಮಲ್ಲಿ ಇದು ತುಂಬ ಕಷ್ಟದ ನಿಯಮ. ಹಿರಿಯರಿಗೆ ಬುದ್ಧಿ ಹೇಳುವುದೇ ಪ್ರೀತಿ ತೋರಿಸುವ ರೀತಿ. ಆದರೂ ಬಿಗಿಯಾಗಿ ಪಾಲಿಸಿ. ಮಾತಾಡಲು ಮನಸ್ಸಿಲ್ಲದವರು ಸುಮ್ನೆ ಕೂರಬಹುದು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯೂ ಇದನ್ನೇ ಹೇಳುತ್ತದೆ. ನೋಡಿ, ಕೇಳಿ, ಬೇಕಾದ ನೆರವಿನ ಹತ್ತಿರ ತಲುಪಿಸಿ. ನಡೆದದ್ದನ್ನು ಹೇಳು ಹೇಳು ಎಂದು ಒತ್ತಾಯ ಮಾಡಬೇಡಿ.

ಗುಟ್ಟಿನ ವಿಷಯದಲ್ಲಿ ಸುಳ್ಳು ಭರವಸೆ ಕೊಡಬೇಡಿ. ಇಲ್ಲಿ ಕೇಳಿದ್ದನ್ನು ಹೊರಗೆ ಹೇಳುವುದಿಲ್ಲ ಎಂದು ಎಲ್ಲರೂ ಮಾತು ಕೊಡಲಿ. ಜೊತೆಗೆ, ಹೊರಗೆ ಹೋದರೆ ನಿಮಗೆ ಅಪಾಯವಾಗುವಂಥದ್ದನ್ನು ಇಲ್ಲೂ ಹೇಳಬೇಡಿ ಎಂದು ಹೇಳಿಬಿಡಿ. ಮುನ್ನೂರು ಮನೆಯ ಊರಲ್ಲಿ ಇದಕ್ಕಿಂತ ಪ್ರಾಮಾಣಿಕ ಮಾತಿಲ್ಲ. ಫೋನ್‌ಗಳು ಬಾಗಿಲ ಬಳಿಯ ಬುಟ್ಟಿಯಲ್ಲಿ ಇರಲಿ. ರೆಕಾರ್ಡ್ ಆಗುತ್ತಿದೆಯೇನೋ ಎಂಬ ಸಣ್ಣ ಅನುಮಾನ ಸಾಕು, ಎಲ್ಲರ ಬಾಯಿಗೂ ಬೀಗ ಬೀಳುತ್ತದೆ.

ಒಂದೂವರೆ ಗಂಟೆ ಹೇಗೆ ಕಳೆಯುವುದು

ಮೊದಲ ಹತ್ತು ನಿಮಿಷ ಮಳೆ, ಬೆಳೆ, ಮಕ್ಕಳ ಮಾತು. ಆಮೇಲೆ ಒಂದು ಸುತ್ತು. ಪ್ರತಿಯೊಬ್ಬರಿಗೂ ಐದು ನಿಮಿಷ. ನಡೆಸುವವರು ಒಂದೇ ಪ್ರಶ್ನೆ ಕೇಳಲಿ: "ಈ ವಾರ ಹೆಂಗಿತ್ತು? ನಿದ್ದಿ, ಊಟ ಹೆಂಗದಾವ?" ನಿದ್ದೆ, ಊಟದಿಂದ ಶುರು ಮಾಡಿದರೆ ಗಂಡಸರಿಗೂ ಮಾತು ಸಲೀಸು. "ನಿದ್ದಿ ಬರವಲ್ದು" ಎನ್ನಲು ಯಾರಿಗೂ ನಾಚಿಕೆ ಇಲ್ಲ. ಅದರ ಹಿಂದೆಯೇ ಉಳಿದದ್ದು ಬರುತ್ತದೆ.

ಗಮನವಿಟ್ಟು ಓದಬೇಕಾದ ಭಾಗ ಇದು. ಪೂರ್ತಿ ಹೊತ್ತು ನೋವನ್ನೇ ತೋಡಿಕೊಂಡರೆ ಜನ ಇನ್ನೂ ಕುಗ್ಗಿ ಮನೆಗೆ ಹೋಗುತ್ತಾರೆ. ಅಮಾಂಡಾ ರೋಸ್ ಎಂಬ ಸಂಶೋಧಕಿ 2002ರಲ್ಲಿ ಶಾಲಾ ಮಕ್ಕಳ ಗೆಳೆತನದ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಒಂದೇ ಸಮಸ್ಯೆಯನ್ನು ಗೆಳೆಯರು ಮತ್ತೆ ಮತ್ತೆ ಕೆದಕಿ ಮಾತಾಡಿದಾಗ ಗೆಳೆತನ ಗಟ್ಟಿಯಾಗಿರುತ್ತದೆ, ಅದರ ಜೊತೆಗೇ ಖಿನ್ನತೆಯೂ ಜಾಸ್ತಿ ಕಾಣುತ್ತದೆ ಎಂದು ಅದು ತೋರಿಸಿತು. ದೊಡ್ಡವರ ಕಟ್ಟೆ ಮಾತಲ್ಲೂ ಇದನ್ನು ನೋಡಬಹುದು, ಅಲ್ವಾ? ಆದ್ದರಿಂದ ಮೊದಲ ಸುತ್ತು ಮುಗಿದ ಮೇಲೆ ಎರಡನೇ ಸುತ್ತು ಬೇಕೇ ಬೇಕು. "ಬರೋ ವಾರದೊಳಗ ನಾನು ಮಾಡಬಹುದಾದ ಒಂದು ಸಣ್ಣ ಕೆಲಸ ಯಾವುದು?"

ಕೆಲಸ ನಿಜವಾಗಿಯೂ ಸಣ್ಣದಿರಲಿ. ರಾತ್ರಿ ಒಂಬತ್ತರ ಮೇಲೆ ನ್ಯೂಸ್ ನೋಡದಿರುವುದು. ಮಾತು ಬಿಟ್ಟವರ ಮನೆಯಲ್ಲಿ ಸಾವಾದರೆ ಹೋಗಿ ಬರುವುದು. ಸಾವಿನ ಮನೆಗೆ ಹೋದವರನ್ನು ನಮ್ಮ ಕಡೆ ಯಾರೂ ವಾಪಸ್ ಕಳಿಸುವುದಿಲ್ಲ. ಮೊಹರಂ, ಜಾತ್ರೆ, ತೇರು ಇಂಥ ದಿನಗಳನ್ನೂ ಬಳಸಿಕೊಳ್ಳಿ. ಮುದಗಲ್ಲಿನ ಮೊಹರಂಗೆ ಎಲ್ಲ ಜಾತಿ, ಧರ್ಮದವರೂ ಸೇರುತ್ತಾರೆ. ಅಂಥ ಜನಜಂಗುಳಿಯಲ್ಲಿ "ಹೆಂಗದೀಯೋ ಮಾವ" ಎಂದು ಒಂದು ಮಾತು ಆಡುವುದು ಮನೆ ಬಾಗಿಲಿಗೆ ಹೋಗುವುದಕ್ಕಿಂತ ಸುಲಭ.

ಫೋನು

ಗುಂಪಿಗೊಂದು ವಾಟ್ಸಾಪ್ ಗ್ರೂಪ್ ಬೇಕೇ ಬೇಕೆಂದರೆ ದಿನ, ಹೊತ್ತು ತಿಳಿಸಲು ಮಾತ್ರ ಇರಲಿ. ಅಡ್ಮಿನ್‌ಗಳಷ್ಟೇ ಮೆಸೇಜ್ ಹಾಕುವ ಹಾಗೆ ಸೆಟ್ಟಿಂಗ್ ಮಾಡಿ. ಮನಸ್ಸಿನ ಮಾತು ಎದುರಾಬದುರು ಕೂತಾಗ ಮಾತ್ರ.

ಬಹಳಷ್ಟು ಸಲ ಫಾರ್ವರ್ಡ್ ಆದ ಮೆಸೇಜ್‌ಗೆ ವಾಟ್ಸಾಪ್‌ನಲ್ಲಿ ಎರಡು ಬಾಣದ ಗುರುತು ಕಾಣುತ್ತದೆ. 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದು ಗ್ರೂಪಿಗೆ ಮಾತ್ರ ಕಳಿಸಲು ಆಗುತ್ತದೆ. ಆ ಗುರುತು ಕಂಡರೆ ಸಿಟ್ಟು ಬರುವ ಮೊದಲೇ ಪಕ್ಕಕ್ಕಿಡುವ ಅಭ್ಯಾಸವನ್ನು ಗುಂಪಿನಲ್ಲೇ ಹೇಳಿಕೊಡಿ. ಎಲೆಕ್ಷನ್ ಹೊತ್ತಿನ ಮನೆ ಜಗಳಗಳಲ್ಲಿ ಎಷ್ಟೋ ಇಂಥ ಮೆಸೇಜ್‌ನಿಂದಲೇ ಶುರುವಾಗುತ್ತವೆ.

ಹೋರಾಟದಲ್ಲಿ ಇರುವವರಿಗೆ

ರಾಜಕೀಯ ಬಿಟ್ಟುಬಿಡು, ನೆಮ್ಮದಿಯಾಗಿರು ಎಂದು ಗುಂಪು ಯಾರಿಗೂ ಹೇಳಬಾರದು. ನಮ್ಮ ಕಡೆ ರಾಜಕೀಯ ಎಂದರೆ ನೀರು, ಆಸ್ಪತ್ರೆ, ಕೆಲಸ. ತುಂಗಭದ್ರಾ ಡ್ಯಾಂನ 19ನೇ ಕ್ರಸ್ಟ್ ಗೇಟ್ 2024ರ ಆಗಸ್ಟ್ 10ರ ರಾತ್ರಿ ಕೊಚ್ಚಿಹೋದಾಗ ಮೂರೂ ಜಿಲ್ಲೆಯ ರೈತರಿಗೆ ಅದರ ಜಾಗಕ್ಕೆ ತಾತ್ಕಾಲಿಕ ತಡೆಯಾಗಿ ಸ್ಟಾಪ್ ಲಾಗ್ ಕೂರಿಸುವ ತನಕ ಜೀವ ಕೈಯಲ್ಲಿತ್ತು. ಬೆಳೆಯ ಚಿಂತೆ ಒಂದು ಕಡೆ, ಅದು ಯಾರ ತಪ್ಪು ಎಂಬ ಜಗಳ ಇನ್ನೊಂದು ಕಡೆ. ಕಾಲುವೆಯ ಕೊನೆ ಭಾಗದ ರೈತರಿಗೆ ಇಂಥ ಸಂಕಟ ಪ್ರತಿ ವರ್ಷದ್ದು. "ಅದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡ" ಎಂದು ಅವರಿಗೆ ಹೇಳಿದರೆ ಅವಮಾನ ಮಾಡಿದಂತೆ.

ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಶುರುವಾದ ಧರಣಿ ವರ್ಷಗಟ್ಟಲೆ ನಡೆಯಿತು. ಅಷ್ಟು ದೀರ್ಘ ಹೋರಾಟದಲ್ಲಿ ಕೂತವರಿಗೆ ಬರುವ ದಣಿವು ಬೇರೆ ರೀತಿಯದು. ಜನ ಕಡಿಮೆಯಾದಾಗ ಬೇಸರ, ಮನೆಯವರ ಮಾತು, ಬಿಟ್ಟು ಹೋದವರ ಮೇಲೆ ಸಿಟ್ಟು, ಒಂದು ದಿನ ರಜೆ ತೆಗೆದುಕೊಂಡರೆ ತಪ್ಪು ಮಾಡಿದ ಭಾವ. ಹೋರಾಟ ಸಮಿತಿಯ ಸಭೆಯಲ್ಲಿ ಇದನ್ನು ಹೇಳಲು ಆಗುವುದಿಲ್ಲ, ಅಲ್ಲಿ ಧೈರ್ಯದ ಮಾತೇ ಬೇಕು. ಅದಕ್ಕೇ ಹೋರಾಟಗಾರರಿಗೆ ಬೆಂಬಲ ಗುಂಪು ಬೇರೆ ದಿನ, ಬೇರೆ ಜಾಗದಲ್ಲಿ ಇರಬೇಕು. ಅಲ್ಲಿ ಮುಂದಿನ ಧರಣಿಯ ಯೋಜನೆ ಮಾಡಬಾರದು. ಸರದಿಯಲ್ಲಿ ರಜೆ ತೆಗೆದುಕೊಳ್ಳುವುದನ್ನು ಗುಂಪೇ ಹೇಳಿಕೊಡಲಿ. ದಣಿದವರು ಒಂದು ವಾರ ಮನೆಯಲ್ಲಿದ್ದು ಬಂದರೆ ಹೋರಾಟಕ್ಕೆ ಲಾಭವೇ.

ಗುಂಪಿಗೆ ಮೀರಿದ್ದು

ಸೋತ ಅಭ್ಯರ್ಥಿಯ ಮನೆಯನ್ನು ಊರು ಬೇಗ ಮರೆಯುತ್ತದೆ. ಖರ್ಚಿಗೆಂದು ತಂದ ಕೈಸಾಲ, ಅಡವಿಟ್ಟ ಹೊಲ, ಕೊಟ್ಟವರು ಕೇಳಲು ಬರುವುದು, ತಲೆ ಎತ್ತಿ ತಿರುಗಲಾಗದ ಅವಮಾನ ಎಲ್ಲ ಒಟ್ಟಿಗೆ ಬೀಳುತ್ತವೆ. ಇಂಥವರ ಮೇಲೆ ಕಣ್ಣಿರಲಿ.

"ಬದುಕಿ ಏನು ಪ್ರಯೋಜನ" ಎಂಬ ಮಾತು ಬಂದರೆ, ಎಲ್ಲರಿಂದ ದೂರವಾದರೆ, ಇದ್ದಕ್ಕಿದ್ದಂತೆ ಲೆಕ್ಕ ಚುಕ್ತಾ ಮಾಡತೊಡಗಿದರೆ ಪಕ್ಕಕ್ಕೆ ಕರೆದು ನೇರವಾಗಿ ಕೇಳಿ: "ಅಣ್ಣಾ, ಜೀವಾ ಕಳಕೋಬೇಕು ಅನಸಾಕತ್ತೈತೇನು?" ಹೀಗೆ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಎಷ್ಟೋ ಸಲ ಒಬ್ಬರಾದರೂ ಕೇಳಿದರಲ್ಲ ಎಂದು ಅವರ ಎದೆ ಹಗುರಾಗುತ್ತದೆ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ. ಮನೆಯಲ್ಲಿರುವ ಕ್ರಿಮಿನಾಶಕದ ಡಬ್ಬಿಗಳನ್ನು ಅಂದೇ ಬೇರೆಯವರ ಮನೆಗೆ ಸಾಗಿಸಿ ಬೀಗ ಹಾಕಿಸಿ. ಇದು ಸಣ್ಣ ಕೆಲಸದಂತೆ ಕಾಣುತ್ತದೆ, ಆದರೆ ಹಳ್ಳಿಗಳಲ್ಲಿ ಜೀವ ಉಳಿಸುವ ಮುಖ್ಯ ಕೆಲಸ ಇದೇ.

ಟೆಲಿ ಮಾನಸ್ ಸಹಾಯವಾಣಿ 14416. 2022ರ ಅಕ್ಟೋಬರ್ 10ರಂದು ಶುರುವಾದದ್ದು, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ವಿಷ ಕುಡಿದಿದ್ದರೆ ಸಹಾಯವಾಣಿಗೆ ಕಾಯಬೇಡಿ, 108 ಕರೆದು ಆಸ್ಪತ್ರೆಗೆ ಒಯ್ಯಿರಿ, ಕುಡಿದ ಡಬ್ಬಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ. ಎರಡು ವಾರ ದಾಟಿದರೂ ನಿದ್ದೆ, ಊಟ ಸರಿಹೋಗದವರನ್ನು, ಕುಡಿತ ಹೆಚ್ಚಿದವರನ್ನು ಜಿಲ್ಲಾ ಆಸ್ಪತ್ರೆಗೆ ಅಥವಾ ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಬಳ್ಳಾರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕರೆದೊಯ್ಯಿರಿ. ಮೊದಲ ಸಲ ಗುಂಪಿನಿಂದ ಒಬ್ಬರು ಜೊತೆಗೆ ಹೋಗಲೇಬೇಕು. ಬಸ್ ಹತ್ತಿಸಿ ಕಳಿಸಿದರೆ ಅರ್ಧ ದಾರಿಯಿಂದ ವಾಪಸ್ ಬಂದುಬಿಡುತ್ತಾರೆ. ಸರ್ಕಾರಿ ಮಾನಸಿಕ ಆರೋಗ್ಯ ಸೇವೆ ಪಡೆಯುವುದು 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟ ಹಕ್ಕು. ಕಾಯಿಲೆಯ ವಿವರವನ್ನು ಆಸ್ಪತ್ರೆ ಗುಟ್ಟಾಗಿಡಬೇಕು ಎಂದೂ ಅದೇ ಕಾಯ್ದೆ ಹೇಳುತ್ತದೆ. ಊರಿಗೆ ಗೊತ್ತಾಗುತ್ತದೆ ಎಂದು ಹೆದರುವವರಿಗೆ ಇದನ್ನು ತಿಳಿಸಿ.

ಶಾಮಿಯಾನ ಕೊಡುತ್ತೇವೆ ಎಂದು ಬಂದರೆ

ಗುಂಪು ಚೆನ್ನಾಗಿ ನಡೆಯುತ್ತಿದೆ ಎಂದು ಗೊತ್ತಾದ ತಕ್ಷಣ ಯಾರಾದರೂ ಬರುತ್ತಾರೆ. ಕುರ್ಚಿ ಕೊಡುತ್ತೇವೆ, ಊಟ ಹಾಕಿಸುತ್ತೇವೆ, ನಮ್ಮ ಸಾಹೇಬರು ಹತ್ತು ನಿಮಿಷ ಬಂದು ಹೋಗುತ್ತಾರೆ ಎನ್ನುತ್ತಾರೆ. ಕೈಮುಗಿದು ಬೇಡ ಎನ್ನಿ. ಯಾವ ಪಕ್ಷದವರೇ ಆಗಲಿ ಉತ್ತರ ಒಂದೇ ಇರಲಿ.

ಇದಕ್ಕೆ ಇತಿಹಾಸದಲ್ಲಿ ಸ್ಪಷ್ಟ ಪಾಠವಿದೆ. ಅಮೆರಿಕದ ಬಾಲ್ಟಿಮೋರ್‌ನಲ್ಲಿ 1840ರಲ್ಲಿ ವಾಷಿಂಗ್ಟೋನಿಯನ್ನರು ಎಂಬ ಕುಡಿತ ಬಿಡುವವರ ಗುಂಪು ಹುಟ್ಟಿತು. ಕುಡುಕರೇ ಕುಡುಕರಿಗೆ ಆಸರೆಯಾಗುವ ಪದ್ಧತಿ. ಬಹಳ ಬೇಗ ಬೆಳೆಯಿತು. ಆಮೇಲೆ ಮದ್ಯ ನಿಷೇಧವೂ ಸೇರಿ ಆ ಕಾಲದ ರಾಜಕೀಯ ವಾದಗಳಲ್ಲಿ ಸಿಕ್ಕಿಕೊಂಡು ಕೆಲವೇ ವರ್ಷಗಳಲ್ಲಿ ಚದುರಿಹೋಯಿತು. 1935ರಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕುಡಿತ ಬಿಡುವವರ ಸಂಘ ಅದನ್ನು ನೋಡಿ ಕಲಿತು, ಹೊರಗಿನ ಯಾವ ವಿವಾದದಲ್ಲೂ ತಮ್ಮ ಸಂಘಕ್ಕೆ ಅಭಿಪ್ರಾಯ ಇಲ್ಲ ಎಂದು ನಿಯಮ ಮಾಡಿಕೊಂಡಿತು. ಅದು ಇಂದಿಗೂ ನಡೆಯುತ್ತಿದೆ. ಸದಸ್ಯರಿಗೆ ಪಕ್ಷ ಇರಲಿ, ಗುಂಪಿಗೆ ಬೇಡ.

ಎಲೆಕ್ಷನ್ ಘೋಷಣೆಯಾದ ಮೇಲೆ ಗುಂಪು ನಿಲ್ಲಿಸಬೇಡಿ, ಹೊತ್ತು ಕಡಿಮೆ ಮಾಡಿ, ವಾರಕ್ಕೆ ಎರಡು ಸಲ ಸೇರಿ. ಎಣಿಕೆಯ ಹಿಂದಿನ ದಿನ ಒಂದು ಪಟ್ಟಿ ಮಾಡಿಕೊಳ್ಳಿ: ಯಾರ ಮನೆಯವರು ನಿಂತಿದ್ದಾರೆ, ಸೋತರೆ ಆ ಸಂಜೆ ಅವರ ಜೊತೆ ಯಾರು ಕೂರುತ್ತಾರೆ, ಗೆದ್ದವರ ಮೆರವಣಿಗೆ ಸೋತವರ ಮನೆ ಮುಂದೆ ನಿಲ್ಲದ ಹಾಗೆ ಗೆದ್ದ ಕಡೆಯ ಹಿರಿಯರಿಗೆ ಯಾರು ಹೇಳುತ್ತಾರೆ. ಎಲೆಕ್ಷನ್ ಡ್ಯೂಟಿಗೆ ಹೋಗಿ ಎರಡೂ ಕಡೆಯವರ ಬೈಗುಳ ತಿಂದು ಬಂದ ಮೇಷ್ಟ್ರು, ಅಂಗನವಾಡಿ ಅಕ್ಕಂದಿರು ಇದ್ದರೆ ಅವರ ಹೆಸರನ್ನೂ ಬರೆದುಕೊಳ್ಳಿ. ಫಲಿತಾಂಶ ಬಂದು ಮೂರು ದಿನದೊಳಗೆ ಮತ್ತೆ ಸೇರಿ. ಆ ಸಲ ಗೆದ್ದ ಕಡೆಯವರನ್ನೂ ಮರೆಯದೆ ಕರೆಯಿರಿ. ಕಳೆದ ಸಲ ಸೋತಾಗ ತಮಗೆ ಹೇಗಾಗಿತ್ತು ಎಂದು ಹೇಳಬಲ್ಲವರು ಅವರಲ್ಲೂ ಇರುತ್ತಾರೆ.